ಚಿಕ್ಕಪ್ಪನ ಜೀಪಿನ ಮುಂದಿನ ಗಾಲಿ

ನಮ್ಮ ಚಿಕ್ಕಪ್ಪನಿಗೆ ಎರಡು ಸಂಸಾರ ಎಂದು ಕಡೂರಿನಲ್ಲಿ ಬಹಳ ಜನ ನಂಬಿದ್ದರು. ನಂಬದೆ ಏನು ಮಾಡಿಯಾರು? ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕೊಬ್ಬರಿ ಮಂಡಿಯ ಗಾದಿಯಿಂದೆದ್ದು ಬರಿಗಾಲಲ್ಲಿ ಓಡುತ್ತಿದ್ದರು. ಕಾಗದ ಕೈಗೆ ಬಂದಾಗ ಅರಳಿದ ಮುಖ ಓದಿ ಮುಗಿಸುವಷ್ಟರಲ್ಲಿ ಬಾಡುತ್ತಿತ್ತು. ರೈಲು ಕೂಗಿದರೆ ಊಟದ ತಟ್ಟೆ ಬಿಟ್ಟು ಸ್ಟೇಷನ್ನಿಗೆ ಹೋಗುತ್ತಿದ್ದರು. ಇಷ್ಟೆಲ್ಲ ಲಕ್ಷಣ ಒಂದು ಹೆಣ್ಣಿನಿಂದಲ್ಲದೆ ಇನ್ನಾವುದರಿಂದ ಬರುತ್ತದೆ ಎಂಬುದು ಊರಿನವರ ವಾದ. ಬರುತ್ತದೆ ಸ್ವಾಮಿ! ಜೀಪಿನ ಬಿಡಿಭಾಗದಿಂದಲೂ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಪ್ಪ ಮಿಲಿಟರಿ ಹರಾಜಿನಿಂದ ಕೈಯಿಂದ ಕೈಗೆ ಉರುಳಿ ಬಂದ ಒಂದು ಜೀಪು ಕೊಂಡಿದ್ದರು. ಅದು ಒಂದೇ ಜಾತಿಯ ಜೀಪಾಗಿರಲಿಲ್ಲ. ಇಂಜಿನ್ ಒಂದರದು, ಬಾಡಿ ಇನ್ನೊಂದರದು, ಮುಂದಿನ ಆಕ್ಸಲ್ ಯಾವುದರದು ಎಂದು ಕಡೂರಿನ ಯಾವ ಮೆಕ್ಯಾನಿಕ್ಕಿಗೂ ತಿಳಿಯಲಿಲ್ಲ. ಹಿಂದಿನ ಮಾಲೀಕ ಯಾರೋ ಪೆಟ್ರೋಲ್ ಉಳಿಸಲೆಂದು ಮುಂದಿನ ಗಾಲಿಗಳ ಹಬ್ ಬಿಚ್ಚಿ, ಆ ಜಾಗಕ್ಕೆ ತಗಡಿನ ಮುಚ್ಚಳ ಬಡಿದಿದ್ದ. ಹಬ್ ಇದ್ದರೆ ಇಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹೋಗುತ್ತದೆ, ಕೆಸರಿನಲ್ಲಿ ಜೀಪು ಆನೆ. ಇಲ್ಲದಿದ್ದರೆ ಹಿಂದಿನ ಎರಡು ಗಾಲಿ ಮಾತ್ರ ದುಡಿಯುತ್ತವೆ, ಮುಂದಿನವು ಸೋಮಾರಿ ಅಳಿಯಂದಿರ ಹಾಗೆ ಸುಮ್ಮನೆ ಜೊತೆಗೆ ಬರುತ್ತವೆ.

ಕೊಬ್ಬರಿ ವ್ಯಾಪಾರಿಗೆ ಆನೆ ಯಾಕೆ ಬೇಕು? ಇದಕ್ಕೆ ಕಾರಣ ನಮ್ಮ ದೊಡ್ಡತ್ತೆ, ಅಂದರೆ ಚಿಕ್ಕಪ್ಪನ ಅಕ್ಕ. ಅವರನ್ನು ಕೊಟ್ಟದ್ದು ಎಮ್ಮೆದೊಡ್ಡಿ ಕಾವಲಿನ ಆಚೆಯ ಒಂದು ಹಟ್ಟಿಗೆ. ದನಗಳ ಆ ಕಾವಲು ದಾಟಿದ ಮೇಲೆ ಒಂದಿಷ್ಟು ದೂರ ಎರೆಮಣ್ಣಿನ ದಾರಿ. ಒಂದು ಮಳೆ ಬಿದ್ದರೆ ಸಾಕು, ಇಟ್ಟ ಕಾಲು ಮೇಲೆ ಬಾರದು. ಗೌರಿ ಹಬ್ಬ ಬರುವುದೂ ಅದೇ ಮಳೆಗಾಲದಲ್ಲಿ. ಗೌರಿಗೆ ಹೆಣ್ಣುಮಗಳು ತವರಿಗೆ ಬರಬೇಕು, ಒಡಹುಟ್ಟಿದವನೇ ಹೋಗಿ ಕರೆತರಬೇಕು, ನಮ್ಮ ಮನೆಯಲ್ಲಿ ಅದು ತಪ್ಪಿದ್ದಿಲ್ಲ. ಆದರೆ ಅತ್ತೆ ಅಟ್ಟದ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡರು. ನಾಟಿ ವೈದ್ಯರು ಕಟ್ಟು ಕಟ್ಟಿ ಕೂಡಿಸಿದರೂ ಎತ್ತಿನ ಗಾಡಿಯ ಕುಲುಕಾಟ ತಡೆಯುವ ಸೊಂಟ ಅದಾಗಿ ಉಳಿಯಲಿಲ್ಲ. ಆ ವರ್ಷ ಚಿಕ್ಕಪ್ಪ ಬಾಗಿನದ ಮೊರವನ್ನು ತಲೆಯ ಮೇಲೆ ಹೊತ್ತು, ಮೊಣಕಾಲುದ್ದ ಕೆಸರು ತುಳಿದು ಅಕ್ಕನಿಗೆ ಕೊಟ್ಟು ಬಂದರು. ಬಂದವರೇ ಜೀಪು ಕೊಂಡರು.

ಆ ವಿಚಿತ್ರ ಆಕ್ಸಲ್ಲಿಗೆ ಹೊಂದುವ ಹಬ್ ಮಾಡುತ್ತಿದ್ದುದು ಕೊಯಮತ್ತೂರಿನ ಕಡೆಯ ಒಂದು ಸಣ್ಣ ಕಾರ್ಖಾನೆ ಮಾತ್ರ. ಅದೂ ಎಂಥ ಹಬ್! ಅದರ ಮುಖದ ಮೇಲಿನ ದುಂಡು ಗುಬುಟು ಕೈಯಲ್ಲಿ ತಿರುಗಿಸಿದರೆ ಗಾಲಿ ಕೆಲಸಕ್ಕೆ ಬರುತ್ತದೆ, ಹಿಂದಕ್ಕೆ ತಿರುಗಿಸಿದರೆ ರಜೆ. ಮುಂಗಡ ಕಳಿಸಿಯಾಯಿತು. ಆಗತಾನೇ ಕಡೂರಿನಲ್ಲಿ ಮೇಷ್ಟರಿಕೆ ಸೇರಿದ್ದ ನಾನು ಚಿಕ್ಕಪ್ಪನ ಇಂಗ್ಲಿಷ್ ಸೆಕ್ರೆಟರಿಯಾದೆ. ಅವರು ಕನ್ನಡದಲ್ಲಿ ಬೈಯುವುದು, ನಾನು ಅದನ್ನು ಇಂಗ್ಲಿಷಿನಲ್ಲಿ ವಿನಯಪೂರ್ವಕವಾಗಿ ಬರೆಯುವುದು. 'ಕಳ್ಳ ನನ್ಮಕ್ಳು' ಎಂಬುದು ನನ್ನ ಲೇಖನಿಯಲ್ಲಿ 'ಗೌರವಾನ್ವಿತ ಮಹನೀಯರೆ' ಆಗುತ್ತಿತ್ತು.

ಉತ್ತರಗಳು ಬರುತ್ತಿದ್ದವು, ಹಬ್ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಎರಕದಲ್ಲಿ ತೂತು ಬಿದ್ದಿದೆ, ಮತ್ತೆ ಹುಯ್ಯಬೇಕು. ಇನ್ನೊಮ್ಮೆ ಕರೆಂಟಿಲ್ಲ. ಮತ್ತೊಮ್ಮೆ ಲೇತ್ ಕೆಲಸದವನು ಹೆಂಡತಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದಾನೆ. 'ಹೆರೋಳು ಹೆಂಡ್ತಿ, ಇವ್ನು ಅಲ್ಲಿ ಏನು ಮಾಡ್ತಾನಂತೆ?' ಎಂದು ಚಿಕ್ಕಪ್ಪ ಕೇಳಿದ್ದನ್ನು ನಾನು 'ತಾಯಿ ಮಗು ಕ್ಷೇಮವೆಂದು ನಂಬಿದ್ದೇವೆ' ಎಂದು ಬರೆದೆ. ಮರುಟಪಾಲಿನಲ್ಲೇ ಉತ್ತರ ಬಂತು, ಗಂಡು ಮಗು!

ಹೀಗೆ ಮೊದಲ ಗೌರಿ ಹೋಯಿತು, ಎರಡನೆಯದೂ ಹೋಯಿತು. ಎರಡು ಸಲವೂ ಚಿಕ್ಕಪ್ಪ ಹಟಕ್ಕೆ ಬಿದ್ದು ಜೀಪು ಹೊಡೆದುಕೊಂಡು ಹೋದರು, ಎರಡು ಸಲವೂ ಅದು ಎರೆಯಲ್ಲಿ ಹೂತುಕೊಂಡಿತು. ಮೊರ ಮತ್ತೆ ತಲೆಗೇರಿತು. ಜೀಪನ್ನು ಹಟ್ಟಿಯ ಎತ್ತುಗಳು ಎಳೆದು ಹಾಕಿದವು. ಎತ್ತು ಎಳೆಯುವಾಗ ಚಿಕ್ಕಪ್ಪ ಸ್ಟಿಯರಿಂಗ್ ಹಿಡಿದು ಆಕಾಶ ನೋಡುತ್ತ ಕೂತಿದ್ದರಂತೆ.

ಈ ನಡುವೆ ಕಾರ್ಖಾನೆಯ ಮಾಲೀಕರಿಂದ ಮಗಳ ಮದುವೆಯ ಕರೆಯೋಲೆ ಬಂತು. ಬೈದುಕೊಳ್ಳುತ್ತಲೇ ಚಿಕ್ಕಪ್ಪ ಒಳ್ಳೆಯ ಕೊಬ್ಬರಿ ಆರಿಸಿ ಒಂದು ಚೀಲ ಕಳಿಸಿದರು. ಸ್ವಲ್ಪ ದಿನಕ್ಕೆ ಸ್ಟೇಷನ್ನಿನಿಂದ ಪಾರ್ಸೆಲ್ ಬಂದಿದೆ ಎಂಬ ಸುದ್ದಿ. ಡಬ್ಬ ದುಂಡಗಿತ್ತು, ಭಾರವಾಗಿತ್ತು. ಬಿಚ್ಚುವ ಮೊದಲು ದೇವರ ಮುಂದಿಟ್ಟು ಚಿಕ್ಕಮ್ಮ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆದು ಮಂಗಳಾರತಿ ಮಾಡಿದರು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಕೈಮುಗಿದು ನಿಂತಿದ್ದ. ಒಳಗಿದ್ದದ್ದು ಮದುವೆಯ ಲಾಡು. ಚಿಕ್ಕಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

'ಇದ್ರಲ್ಲಿ ಮಾತ್ರ ಒಂದು ತೂತೂ ಇಲ್ಲ ನೋಡು' ಎಂದರು.

ಲಾಡು ತಿಂದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ರೈಲು ಹತ್ತಿ ತಾವೇ ಹೋದರು. ಕಾರ್ಖಾನೆ ಎಂದರೆ ಮಾಲೀಕರ ಮನೆಯ ಹಿತ್ತಲಿನಲ್ಲಿ ಒಂದು ಶೆಡ್ಡು, ಪಕ್ಕದಲ್ಲಿ ಹಸು. ಅಲ್ಲಿ ನಿಜ ಹೊರಬಿತ್ತು. ಐದು ಜೊತೆಗೆ ಆರ್ಡರ್ ಸೇರಿದರೆ ಮಾತ್ರ ಆ ಅಳತೆಯ ಎರಕ ಹುಯ್ಯುವುದು ಗಿಟ್ಟುತ್ತದಂತೆ. ಈವರೆಗೆ ಸೇರಿದ್ದು ಒಂದೇ ಜೊತೆ, ಅದು ಚಿಕ್ಕಪ್ಪನದು! ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನಿಮ್ಮ ಕಾಗದಗಳು ಅಷ್ಟು ಮರ್ಯಾದೆಯಿಂದ ಇರುತ್ತಿದ್ದವು, ಇಲ್ಲ ಎನ್ನಲು ಮನಸ್ಸು ಬರಲಿಲ್ಲ ಎಂದರಂತೆ. ಊರಿಗೆ ಬಂದ ಚಿಕ್ಕಪ್ಪ ನನ್ನನ್ನು ಒಂದು ವಾರ ಮಾತಾಡಿಸಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಎಲೆಕ್ಷನ್ ಪ್ರಚಾರ! ಇನ್ನೂ ನಾಲ್ಕು ಆರ್ಡರ್ ಬೇಕಲ್ಲ, ಅವರವರ ಜೀಪಿಗೆ ಹೊಂದುತ್ತದೋ ಇಲ್ಲವೋ ಆಮೇಲಿನ ಮಾತು. ಚಿಕ್ಕಪ್ಪ ತರೀಕೆರೆಯ ಮರದ ಕಂಟ್ರಾಕ್ಟರೊಬ್ಬರ ಜಗಲಿಯಲ್ಲಿ ಕೂತು, ಅವರು ಹೂಂ ಅನ್ನುವವರೆಗೆ ಏಳಲಿಲ್ಲ. ಲಕ್ಕವಳ್ಳಿಗೆ ಹೋಗಿ, ಡ್ಯಾಮಿನ ಕೆಲಸದಿಂದ ನಿವೃತ್ತನಾಗಿ ಹಳೆಯ ಜೀಪು ಇಟ್ಟುಕೊಂಡಿದ್ದ ಡ್ರೈವರನ್ನು ಒಪ್ಪಿಸಿದರು. ಅವನು ತನ್ನ ಭಾವಮೈದುನನನ್ನು ಒಪ್ಪಿಸಿದ. ಕೊನೆಯದಕ್ಕೆ ಅಜ್ಜಂಪುರದ ಈರುಳ್ಳಿ ಸಾಹುಕಾರರೇ ಗತಿ. ಅವರ ಮನೆಗೆ ಚಿಕ್ಕಪ್ಪ ಎಷ್ಟು ಸಲ ಹೋದರೆಂದರೆ, ಇವರು ಬಸ್ಸಿಳಿಯುವುದು ಕಂಡರೆ ಸಾಹುಕಾರರು ಹಿತ್ತಿಲ ಬಾಗಿಲಿಂದ ಹೊರಡುತ್ತಿದ್ದರು. ಒಂದು ದಿನ ಸಿಕ್ಕಿಬಿದ್ದರು.

'ಬರ್ಕೊಳಪ್ಪ, ನಂದೂ ಒಂದು ಜೊತೆ' ಎಂದರು. 'ಆದ್ರೆ ನಂತಾವ ಜೀಪಿಲ್ಲ ಕಣೋ, ಎತ್ತಿನ ಗಾಡಿ ಇರೋದು.'

'ಇರ್ಲಿ ಬಿಡಿ. ನಾಳೆ ಜೀಪು ತಗೊಂಡಾಗ ಹಬ್ಬಿಗೆ ಕಾಯೋದಾದ್ರೂ ತಪ್ತದೆ' ಎಂದು ಚಿಕ್ಕಪ್ಪ ಸಮಾಧಾನ ಮಾಡಿ ಬಂದರು.

ಮೂರನೆಯ ಗೌರಿಗೆ ಇನ್ನು ಕೆಲವೇ ದಿನಗಳಿರುವಾಗ ಪಾರ್ಸೆಲ್ ಬಂತು. ಈ ಸಲ ಮಂಗಳಾರತಿಗೆ ಮೊದಲೇ ಬಿಚ್ಚಿದರು. ಹಬ್ಬೇ! ಮೆಕ್ಯಾನಿಕ್ ಕೂರಿಸಿದ, ಗುಬುಟು ತಿರುಗಿಸಿ ತೋರಿಸಿದ. ಗಟ್ಟಿ ನೆಲದ ಮೇಲೆ ಮಾತ್ರ ಹಾಕಬೇಡಿ, ಗೇರು ಹಲ್ಲು ತಿಂದುಕೊಳ್ಳುತ್ತದೆ, ಇದು ಕೆಸರಿಗೇ ಇರುವುದು ಎಂದು ಎಚ್ಚರಿಸಿದ.

ಕೆಸರು ಎಲ್ಲಿತ್ತು? ಅಷ್ಟು ವರ್ಷ ತಪ್ಪದೆ ಹೊಯ್ದ ಮಳೆ, ಹಬ್ ಬಂದ ವಾರ ಮಾಯವಾಯಿತು. ಚಿಕ್ಕಪ್ಪ ಅಂಗಳಕ್ಕೂ ಬೀದಿಗೂ ಓಡಾಡಿದರು. ಮೋಡ ಕಂಡರೆ ಎದ್ದು ನಿಂತರು, ಗಾಳಿ ಬೀಸಿದರೆ ಬೈದರು. ಕೊನೆಗೆ ಒಂದು ಹರಕೆಯನ್ನೂ ಹೊತ್ತರು. ಕೊಬ್ಬರಿ ಮಂಡಿಯವನು ರೈತರಿಗೋಸ್ಕರ ಮಳೆ ಬೇಡುತ್ತಿದ್ದಾನೆಂದು ಯಗಟಿ ಕಡೆಯ ರಾಗಿ ಬೆಳೆಗಾರರು ಮಂಡಿಗೆ ಬಂದು ಕೈಮುಗಿದು ಹೋದರು. ಒಂದು ಹನಿಯೂ ಬೀಳಲಿಲ್ಲ.

ಹಬ್ಬದ ಹಿಂದಿನ ದಿನ ಚಿಕ್ಕಪ್ಪನ ಜೊತೆ ನಾನೂ ಹೋದೆ. ಎರೆಯ ದಾರಿ ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿತ್ತು. ಜೀಪು ಎರಡೇ ಗಾಲಿಯ ಬಲದಲ್ಲಿ ನೇರ ಹಟ್ಟಿಯ ಬಾಗಿಲಿಗೆ ಹೋಗಿ ನಿಂತಿತು. ಬಾಡಿಗೆಯ ಯಾವ ಕಾರಾದರೂ ಅಷ್ಟು ಮಾಡುತ್ತಿತ್ತು. ಅತ್ತೆಯ ಮಕ್ಕಳು ಅವರನ್ನು ಕುರ್ಚಿಸಮೇತ ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಳೆಯ ಕೌದಿಯನ್ನು ಮಡಿಸಿ ಸೊಂಟಕ್ಕೆ ಕೊಟ್ಟರು. ಚಿಕ್ಕಪ್ಪ ಗಂಟು ಮುಖ ಹಾಕಿಕೊಂಡೇ ಗಾಡಿ ಬಿಟ್ಟರು.

ಎರಡು ವರ್ಷವೂ ಜೀಪು ಹೂತುಕೊಂಡಿದ್ದ ತಗ್ಗು ಬಂತು. ಅತ್ತೆ ನಿಲ್ಲಿಸು ಎಂದರು.

'ಅದೇನೋ ತಿರುಗಿಸ್ತೀನಿ ಅಂತಿದ್ಯಲ್ಲ, ಅದನ್ನ ತಿರುಗ್ಸೋ.'

'ಒಣಗಿದ ನೆಲಕ್ಕೆ ಹಾಕಬಾರ್ದಂತೆ ಕಣಕ್ಕ.'

'ಇಷ್ಟು ವರ್ಷ ಕಾದಿದ್ದೀನಿ. ನಾನು ನೋಡ್ಬೇಕು.'

ಚಿಕ್ಕಪ್ಪ ಇಳಿದರು. ಬಲಗಡೆಯ ಗುಬುಟು ತಿರುಗಿಸಿದರು, ಮುಂದಿನಿಂದ ಸುತ್ತಿ ಬಂದು ಎಡಗಡೆಯದನ್ನು ತಿರುಗಿಸಿದರು, ಮತ್ತೆ ಹತ್ತಿ ಸಣ್ಣ ಲಿವರು ಎಳೆದರು. ನಾಲ್ಕೂ ಗಾಲಿ ಎಳೆಯುತ್ತ ಜೀಪು ಮುಲುಕುತ್ತ ತಗ್ಗಿಗಿಳಿದು ಮೇಲೆ ಬಂತು. ಬೇರೆಯವರಿಗೆ ವ್ಯತ್ಯಾಸವೇನೂ ಗೊತ್ತಾಗುತ್ತಿರಲಿಲ್ಲ.

'ಈಗ ಗೊತ್ತಾಯ್ತು ನೋಡು, ಎಷ್ಟು ಮೆತ್ತಗೆ ಹೋಯ್ತು' ಎಂದರು ಅತ್ತೆ. ಆಮೇಲೆ ಹಿಂದೆ ಕೂತಿದ್ದ ನನ್ನ ಕಡೆ ತಿರುಗಿದರು. 'ನಮ್ಮವ್ವ ಹೋದಾಗ ಇವ್ನಿನ್ನೂ ನಡೀತಿರ್ಲಿಲ್ಲ. ಇಂಥದೇ ಎರೆ ಹೊಲ ದಾಟಿ ಕಳೆ ಕೀಳಕ್ಕೆ ಹೋಗ್ಬೇಕು, ಇವ್ನು ನನ್ ಸೊಂಟದ ಮೇಲೆ. ನಡೆಯೋಕೆ ಬಂದ್ಮೇಲೂ ಅಷ್ಟೇ. ಕೆಸರು ಮುಗೀತು, ಇಳಿಯೋ ಅಂದ್ರೆ ಇಳೀತಿರ್ಲಿಲ್ಲ ಕಣಪ್ಪ.'

ಕೌದಿಗೆ ಒರಗಿದ್ದ ಆ ಸೊಂಟವನ್ನು ನಾನು ನೋಡಿದೆ. ಎತ್ತಿನ ಗಾಡಿ ತಡೆಯದ ಸೊಂಟ ಅದೇ. ಅಷ್ಟು ವರ್ಷ ಅಂಚೆಯವನ ಹಿಂದೆ, ರೈಲಿನ ಹಿಂದೆ ಬರಿಗಾಲಲ್ಲಿ ಓಡಿದ ಚಿಕ್ಕಪ್ಪನ ಕಡೆ ತಿರುಗಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. ಮೂಗು ಮಾತ್ರ ಕೆಂಪಾಗಿತ್ತು.

ಕಡೂರಿನ ಮನೆ ಬಂತು. ಚಿಕ್ಕಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಚಿಕ್ಕಪ್ಪ ಇಳಿದು, ಈ ಬದಿಗೆ ಬಂದು ಅಕ್ಕನಿಗೆ ಕೈ ಚಾಚಿದರು.

'ನಾನು ಈಗ್ಲೇ ಇಳಿಯಲ್ಲ ಕಣೋ' ಎಂದರು ಅತ್ತೆ.

ಚಿಕ್ಕಪ್ಪ ಮತ್ತೆ ಹತ್ತಿ ಕೂತರು. ಆರತಿಯನ್ನು ಅಲ್ಲೇ ಬಿಟ್ಟು ಜೀಪು ಬೀರೂರಿನ ರಸ್ತೆ ಹಿಡಿಯಿತು. ಚಿಕ್ಕಪ್ಪ ಅಷ್ಟು ನಿಧಾನವಾಗಿ ಗಾಡಿ ಓಡಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.