ಇಳಿಜಾರಿನ ಮೇಲಿನ ಸೇವಂತಿಗೆ ಕುಂಡಗಳ ಸನ್ನಿಧಾನಕ್ಕೆ

ನವದೆಹಲಿ, ಡಿಸೆಂಬರ್ ೨೦೦೬

ಇಂದ:
ಚಂದ್ರಮೋಹನ, ಕೇಂದ್ರ ಸರ್ಕಾರಿ ಗುಮಾಸ್ತ,
ಆರ್.ಕೆ.ಪುರಂ ಕ್ವಾರ್ಟರ್ಸ್

ಗೆ:
ಕೆಮ್ಮಣ್ಣು ಬಳಿದ ಸೇವಂತಿಗೆ ಕುಂಡಗಳು,
ಸರ್ಕಾರಿ ಶಾಲೆಯ ಇಳಿಜಾರು

ವಿಷಯ: ತಮ್ಮನ್ನು ಕೇಳದೆ ತಮ್ಮ ನಡುವೆ ಹಾದುಹೋದದ್ದಕ್ಕೆ ಘಟನೋತ್ತರ ಮಂಜೂರಾತಿ ಕೋರಿ.

ಉಲ್ಲೇಖ: ಪ್ರಾಂಶುಪಾಲರಿಗೆ ಬರೆದ ಪತ್ರ, ಅವರು ಹೇಳಿದಂತೆ ತೋಟದ ಇಲಾಖೆಗೆ ಬರೆದ ಪತ್ರ, ಇಲಾಖೆ ಹೇಳಿದಂತೆ ಮತ್ತೆ ಪ್ರಾಂಶುಪಾಲರಿಗೆ ಬರೆದ ಪತ್ರ.

ಮಾನ್ಯ ಕುಂಡಗಳೇ,

ಹೂಕುಂಡವೊಂದು ಒಂದು ಗೇಣು ಪಕ್ಕಕ್ಕೆ ಸರಿಯುವುದು ರಾಜಧಾನಿಯ ಆಡಳಿತದಲ್ಲಿ ಎಷ್ಟು ಗುರುತರವಾದ ಸಂಗತಿಯೆಂಬುದು ಅರ್ಜಿದಾರನಿಗೆ ಈ ಚಳಿಗಾಲದಲ್ಲಿ ಮನದಟ್ಟಾಗಿದೆ. ತಮಗೆ ಹಿಂದಿ ಬರುತ್ತದೆಂಬುದಕ್ಕೆ ಕಡತದಲ್ಲಿ ಪುರಾವೆ ಇಲ್ಲದ ಕಾರಣ ಈ ಅರ್ಜಿ ಕನ್ನಡದಲ್ಲಿದೆ.

೧. ಅರ್ಜಿದಾರನ ಮಗಳು ಹರ್ಷಿಣಿ ಐದನೇ ತರಗತಿಯವಳು, ಗಾಲಿಕುರ್ಚಿಯಲ್ಲಿ ಓಡಾಡುವವಳು. ಅವಳಿಗೆ ಕಲಿಸುವ ವಿಶೇಷ ಶಿಕ್ಷಕಿ ಪದ್ಮಾ ಅವರ ಕೋಣೆ ಮೆಟ್ಟಿಲುಗಳ ಮೇಲಿದೆ. ಆದ್ದರಿಂದ ಸರ್ಕಾರ ಇಳಿಜಾರು ಕಟ್ಟಿಸಿತು. ಅದನ್ನು ನೋಡಲು ತಪಾಸಣಾಧಿಕಾರಿ ಬರುವರೆಂದು ಸುದ್ದಿ ಬಂತು. ಬೋಳು ಸಿಮೆಂಟು ಕಣ್ಣಿಗೆ ಹಿತವಲ್ಲವಾದ ಕಾರಣ ಎರಡೂ ಅಂಚಿಗೆ ತಮ್ಮನ್ನು ಪ್ರತಿಷ್ಠಾಪಿಸಲಾಯಿತು. ಪರಿಣಾಮವಾಗಿ, ಗಾಲಿಕುರ್ಚಿಗೆ ಜಾಗ ಉಳಿಯಲಿಲ್ಲ.

೨. ಹಾಗಾಗಿ ಚೌಕಿದಾರ ಅವಳನ್ನು ಹೆಗಲಿಗೇರಿಸಿಕೊಂಡು ಹೋಗುವ ಪದ್ಧತಿ ಜಾರಿಗೆ ಬಂತು. "ಪಪ್ಪಾ, ನಾನೇನು ಗ್ಯಾಸ್ ಸಿಲಿಂಡರಾ? ಸಬ್ ಲೋಗ್ ನಗ್ತಾರೆ. ಪದ್ಮಾ ಮ್ಯಾಮ್ ಕ್ಲಾಸಿಗೆ ಇನ್ಮೇಲೆ ಹೋಗಲ್ಲ, ಬಸ್!" ಎಂದಳು. ಹೇಳಿದಂತೆ ಒಂದು ವಾರ ಹೋಗಲೂ ಇಲ್ಲ.

೩. ತಾವು ಇಲಾಖೆಯ ಸ್ವತ್ತೆಂದು ಶಾಲೆ, ಇಟ್ಟ ಮೇಲೆ ಶಾಲೆಯ ಸ್ವತ್ತೆಂದು ಇಲಾಖೆ. "ರೀ, ಕುಂಡಕ್ಕೇ ಒಂದು ಅರ್ಜಿ ಬರೀರಿ. ಅದಾದ್ರೂ ಟೀಗೆ ಎದ್ದು ಹೋಗಲ್ಲ," ಎಂದು ಅರ್ಜಿದಾರನ ಪತ್ನಿ ರತ್ನಪ್ರಭಾ ಮೌಖಿಕ ಆದೇಶ ನೀಡಿದರು.

೪. ಅಷ್ಟರಲ್ಲಿ ನಿನ್ನೆ ಅಧಿಕಾರಿಗಳು ಬಂದೇಬಿಟ್ಟರು. "ವಾಹ್, ಬಹುತ್ ಸುಂದರ್!" ಎಂದು ತಮ್ಮನ್ನು ಹೊಗಳಿ, ಇಳಿಜಾರಿನ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮಗುವೊಂದು ಹತ್ತಿ ತೋರಿಸಲಿ ಎಂದರು. ಚೌಕಿದಾರ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ. "ಭಯ್ಯಾ, ಆಪ್ ಹಟೋ," ಎಂದು ಅವನನ್ನು ಪಕ್ಕಕ್ಕೆ ಸರಿಸಿದಳು ಹರ್ಷಿಣಿ. ಪ್ರಾಂಶುಪಾಲರು "ಬೇಟಾ, ಗಮ್ಲೇ! ಗಮ್ಲೇ!" ಎಂದು ತಮ್ಮ ಹಿಂದಿ ಹೆಸರು ಹಿಡಿದು ತಮ್ಮ ಪರವಾಗಿ ಕೂಗುತ್ತಿದ್ದಂತೆಯೇ ಗಾಲಿ ಉರುಳಿತು. ತಮ್ಮಲ್ಲಿ ಮೊದಲನೆಯವರು ವಾಲಿ, ಎರಡನೆಯವರನ್ನೂ ಜೊತೆಗೂಡಿಸಿಕೊಂಡು, ಹೂವಿನ ಸಮೇತ ಕೆಳಗುರುಳಿ ಅಧಿಕಾರಿಗಳ ಪಾದ ಮುಟ್ಟಿದರು. ಆಶೀರ್ವದಿಸುವ ಬದಲು ಅವರು ಕುರ್ಚಿ ಹತ್ತಿ ನಿಂತರು. ಇಡೀ ಶಾಲೆ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೇಲೆ, ಪದ್ಮಾ ಅವರ ಬಾಗಿಲಲ್ಲಿದ್ದಳು. ಕುರ್ಚಿಯ ಮೇಲಿಂದಲೇ ಅಧಿಕಾರಿಗಳು "ಇಳಿಜಾರು ಬಳಕೆಯಲ್ಲಿದೆ" ಎಂದು ಬರೆದು ಸಹಿ ಹಾಕಿದರು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ನಡೆದುಹೋದದ್ದಕ್ಕೆ ಮಂಜೂರಾತಿ ನೀಡಬೇಕೆಂದೂ, ಇನ್ನೂ ನಿಂತಿರುವವರು ಗೋಡೆಯ ಕಡೆ ದಯಮಾಡಿಸಬೇಕೆಂದೂ ಕೋರಿಕೆ. ಮೌನವನ್ನು ಸಮ್ಮತಿಯೆಂದೇ ಭಾವಿಸಲಾಗುವುದು.

ಸದಾ ಪಕ್ಕಕ್ಕೆ ಸರಿಯುವ ತಮ್ಮ ವಿಶ್ವಾಸಿ,
ಚಂದ್ರಮೋಹನ

ಲಗತ್ತು:
೧. ಗಾಲಿಕುರ್ಚಿಯ ಅಗಲ (ಅಳೆದ ದಾರವೇ)
೨. ತಮ್ಮ ದಿವಂಗತ ಸಹೋದ್ಯೋಗಿಯ ಒಂದು ಚೂರು

ಷರಾ: ಕುಂಡಗಳಿಂದ ಆಕ್ಷೇಪಣೆ ಬಂದಿಲ್ಲ. ಹರ್ಷಿಣಿ ಇಂದು ಯಾರ ಹೆಗಲನ್ನೂ ಏರದೆ ತಾನೇ ಕ್ಲಾಸಿಗೆ ಹೋದಳು.