ಫೋನು ಬಡಿದ ರೊಟ್ಟಿ

ಆ ಭಾನುವಾರ ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರು ಹೆಂಗಸರು ಕೂತಿದ್ದರು. ಬಚ್ಚಲಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ಕೊರಳಿಗೆ ನೇತುಹಾಕಿಕೊಂಡಿದ್ದ ನನ್ನ ಹೆಂಡತಿ ಗಿರಿಜಾ. ಮಗಳ ಕೈ ನೋಡಲು ಎಂದು ಹೇಳಿ, ಅಳಿಯನ ಕೈಗುಣ ನೋಡಲು ಬ್ಯಾಡಗಿಯಿಂದ ಬಂದಿದ್ದ ನನ್ನ ಅತ್ತೆ. ಇಬ್ಬರ ನಡುವೆ ಸಾಕ್ಷಿ ಹೇಳಲು ಕೂತವರಂತೆ ಪಕ್ಕದ ಮನೆಯ ಮೆಹಬೂಬಿ ಚಾಚಿ. ಅಡುಗೆಮನೆಯಲ್ಲಿದ್ದದ್ದು ನಾನು ಮತ್ತು ಹಿಟ್ಟಿನ ಡಬ್ಬಿಗೆ ಒರಗಿ ನಿಂತಿದ್ದ ನನ್ನ ಮೊಬೈಲು. ನಮ್ಮಿಬ್ಬರಲ್ಲಿ ಜೋಳದ ರೊಟ್ಟಿ ಮಾಡಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ, ಅದು ನಾನಲ್ಲ.

ಈಗಿನ ಕಾಲದಲ್ಲಿ ಕಲಿಯುವುದು ಬಹಳ ಸುಲಭ. ಬರುವುದು ಕಷ್ಟ. ನಮ್ಮಜ್ಜಿ, "ಕಣ್ಣಿಗೆ ಬಂದ ವಿದ್ಯಾ ಕೈಗೆ ಇಳೀಬೇಕಂದ್ರ ನಡುವ ಮೈ ಐತಲ್ಲೋ, ಅದು ದಣೀಬೇಕು" ಎನ್ನುತ್ತಿದ್ದಳು. ನನ್ನ ವಿದ್ಯೆಗಳೆಲ್ಲ ಕಣ್ಣಿನಲ್ಲೇ ತಂಗಿವೆ. ಫೋನು ನೋಡಿ ನಾನು ಟೈ ಕಟ್ಟುವುದನ್ನು ಕಲಿತಿದ್ದೇನೆ, ನನ್ನ ಬಳಿ ಟೈ ಇಲ್ಲ. ಜೇನುಗೂಡಿಗೆ ಕೈ ಹಾಕುವ ಕ್ರಮ ಗೊತ್ತು, ಜೇನನ್ನು ಕಂಡರೆ ಓಡುತ್ತೇನೆ. ಹೀಗಿರುವಾಗ ರೊಟ್ಟಿ ಯಾವ ಲೆಕ್ಕ ಎಂದುಕೊಂಡದ್ದು ಸಹಜ.

ಎಲ್ಲ ಶುರುವಾದದ್ದು ಅತ್ತೆಯ ಒಂದು ಫೋನಿನಿಂದ. "ಅಳಿಯಾರ, ನನ್ನ ಮಗಳಿಗೆ ಬಿಸಿ ರೊಟ್ಟಿ ಯಾರು ಮಾಡಿ ಹಾಕ್ತಾರ? ಬಂದು ಬ್ಯಾಡಗಿಗೆ ಕರ್ಕೊಂಡು ಬರ್ತೇನಿ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ಕಳಸ್ತೇನಿ."

ಪಕ್ಕದಲ್ಲಿದ್ದ ಗಿರಿಜಾ ಎಡಗೈಯಿಂದ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು. "ಅಲ್ಲಿ ಈಗ ಮೆಣಸಿನಕಾಯಿ ಸುಗ್ಗಿ ಐತ್ರಿ. ಊರಾಗ ಕಾಲಿಟ್ರ ಸೀನು ಶುರು. ಒಂದ್ ಸೀನಿಗೆ ಈ ಕೈ ಹೆಂಗ ಜಿಗೀತೈತಿ ಗೊತ್ತೈತೇನು? ಏನರ ಹೇಳ್ರಿ!"

"ಅತ್ತಿಯಾರ, ರೊಟ್ಟಿ ನಾನೇ ಮಾಡ್ತೇನ್ರಿ. ಆನ್‌ಲೈನ್ ಒಳಗ ಕಲಿಯಾಕತ್ತೇನಿ" ಎಂದುಬಿಟ್ಟೆ.

"ಆನ್‌ಲೈನ್ ಒಳಗ ಬಡಿಯೋರು ಭಾಳ ಮಂದಿ ಅದಾರ್ರಿ. ಅಲ್ಲಿ ಉಣ್ಣೋರು ಯಾರು?" ಎಂದು ಅತ್ತೆ ಫೋನಿಟ್ಟರು.

ಅಂದೇ 'ಗಂಡಸರ ರೊಟ್ಟಿ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಸೇರಿದೆ. ಹಿಟ್ಟಿಗೆ ಕುದಿಯುವ ನೀರೇ ಹಾಕಬೇಕು ಎಂಬ ಒಂದು ಪಕ್ಷ, ಉಗುರುಬೆಚ್ಚಗಿದ್ದರೆ ಸಾಕು ಎಂಬ ಇನ್ನೊಂದು ಪಕ್ಷ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾದಾಡುತ್ತಿದ್ದವು. ಹಿಟ್ಟು ನಾದುವ ಪುರುಸೊತ್ತು ಯಾರಿಗೂ ಇದ್ದಂತಿರಲಿಲ್ಲ. ಹಾವೇರಿಯ ಸದಸ್ಯರೊಬ್ಬರು ಮಾತ್ರ ದಿನವೂ ಹುಣ್ಣಿಮೆ ಚಂದ್ರನಂಥ ರೊಟ್ಟಿಯ ಫೋಟೋ ಹಾಕಿ ನಮ್ಮ ಹೊಟ್ಟೆ ಉರಿಸುತ್ತಿದ್ದರು. ಒಂದು ದಿನ ಫೋಟೋದ ಮೂಲೆಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಕಂಡಿತು. ಆಮೇಲೆ ಅವರು ಗುಂಪಿನಲ್ಲಿ ಕಾಣಲಿಲ್ಲ.

ಇನ್ನು ಫೋನಿನ ಅತಿಥಿಸತ್ಕಾರ. ರೊಟ್ಟಿಯ ಒಂದು ವಿಡಿಯೋ ನೋಡಿದ್ದೇ ತಪ್ಪಾಯಿತು, ಈ ಮನುಷ್ಯನಿಗೆ ಜೋಳವೇ ಪ್ರಾಣ ಎಂದು ಅದು ತೀರ್ಮಾನಿಸಿಬಿಟ್ಟಿತು. ರೊಟ್ಟಿ ಯಂತ್ರ ತೋರಿಸಿತು, ಜೋಳದ ಬಿತ್ತನೆ ತೋರಿಸಿತು, ತೆನೆಗೆ ಬರುವ ಹಕ್ಕಿ ಓಡಿಸುವ ಉಪಾಯಗಳನ್ನೂ ತೋರಿಸಿತು. ಹಕ್ಕಿ ಓಡಿಸುವುದರಲ್ಲಿ ನಾನು ಬೇಗ ಪಳಗಿದೆ. ನನ್ನ ನೌಕರಿ ಹಾವೇರಿಯಲ್ಲಿ. ಹೋಗಿಬರುವ ರೈಲಿನಲ್ಲಿ ವಿಡಿಯೋ ನೋಡುತ್ತ ಬುತ್ತಿಚೀಲದ ಮೇಲೆ ಕೈಯಾಡಿಸುತ್ತಿದ್ದೆ. "ಏನ್ರಿ, ತಬಲಾ ಕಲಿಯಾಕತ್ತೀರೇನು?" ಎಂದು ಒಬ್ಬರು ಕೇಳಿದರು. "ಇಲ್ರಿ, ರೊಟ್ಟಿ" ಎಂದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಮನೆಯಲ್ಲಿ ನಾನು ಮಾಡಿದ ಮೊದಲ ರೊಟ್ಟಿಯನ್ನು ಗಿರಿಜಾ ಎಡಗೈಯಿಂದ ಎತ್ತಿ, ಬಲಗೈಯ ಪಕ್ಕ ಹಿಡಿದು ನೋಡಿದಳು. "ಡಾಕ್ಟರ್ ಹಾಕಿದ್ದಕ್ಕಿಂತ ನಿಮ್ಮದ ಗಟ್ಟಿ ಐತಿ ನೋಡ್ರಿ" ಎಂದಳು.

ಆದರೆ ಹೊರಗೆ ನನ್ನ ಕೀರ್ತಿ ಬೆಳೆಯುತ್ತಿತ್ತು. ನಮ್ಮ ಕಡೆ ರೊಟ್ಟಿಯ ಪರೀಕ್ಷೆ ಮೊದಲು ಆಗುವುದು ಬಾಯಲ್ಲಲ್ಲ, ಕಿವಿಯಲ್ಲಿ. ಗೋಡೆಯಾಚೆ ಬಡಿಯುವ ಸದ್ದು ಕೇಳಿಯೇ ಇವತ್ತು ಬಡಿಯುತ್ತಿರುವವಳು ಅತ್ತೆಯೋ ಸೊಸೆಯೋ, ಅವರಿಬ್ಬರ ನಡುವೆ ಮಾತುಕತೆ ಇದೆಯೋ ಇಲ್ಲವೋ ಎಂದು ಹೇಳುವ ಹೆಂಗಸರಿದ್ದಾರೆ. ನಾನು ವಿಡಿಯೋದ ಸದ್ದು ಪೂರ್ತಿ ಏರಿಸಿ ಅಭ್ಯಾಸ ಮಾಡುತ್ತಿದ್ದೆನಲ್ಲ, ಆ ಪಟಪಟ ಗೋಡೆ ದಾಟಿ ಚಾಚಿಯ ಕಿವಿಗೆ ಬಿದ್ದಿತ್ತು. "ಅರೆ ಬೇಟಾ, ಏನ್ ಕೈ ಐತೋ ನಿಂದು! ನನ್ನ ಸೊಸಿಗೂ ಒಂದೀಟು ಹೇಳಿಕೊಡಪ್ಪಾ" ಎಂದರು. ಇಲ್ಲ ಚಾಚಿ, ಅದು ಫೋನು ಎನ್ನಬೇಕಿತ್ತು. ಜೀವಮಾನದಲ್ಲಿ ನನ್ನ ಕೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಸುಮ್ಮನೆ ನಕ್ಕೆ.

ಈ ಕೀರ್ತಿ ಬ್ಯಾಡಗಿಗೂ ಮುಟ್ಟಿ, ಅತ್ತೆ ಪರೀಕ್ಷೆಗೆ ಬಂದರು. "ನಾ ಒಳಗ ಬರಂಗಿಲ್ರಿ. ಇಲ್ಲೇ ಕುಂತು ಕೇಳ್ತೇನಿ. ನನ್ನ ಮೂರೂ ಹೆಣ್ಮಕ್ಕಳಿಗೆ ಹಿಂಗ ಕಲಿಸೇನಿ. ಬರೋಬರಿ ಇದ್ರ ಮಗಳು ಇಲ್ಲಿರ್ಲಿ, ಇಲ್ಲಂದ್ರ ಇವತ್ತ ನಮ್ಮ ಜೋಡಿ ಬರ್ತಾಳ" ಎಂದು ಪಡಸಾಲೆಯಲ್ಲಿ ಗೋಡೆಗೆ ಒರಗಿದರು. ಗಿರಿಜಾ ಆಗಲೇ ಮೂಗು ಒತ್ತಿ ಹಿಡಿದುಕೊಂಡಿದ್ದಳು.

ನನ್ನ ಏರ್ಪಾಡು ಸರಳವಾಗಿತ್ತು. ಖಾನಾವಳಿಯಿಂದ ತಂದ ರೊಟ್ಟಿಗಳು ಅಕ್ಕಿ ಡಬ್ಬಿಯ ಹಿಂದೆ ಸಿದ್ಧ. ಫೋನು ಬಡಿಯುವುದು, ನಾನು ಹಂಚಿನ ಮೇಲೆ ಬಿಸಿ ಮಾಡುವುದು. ಶುರುಮಾಡಿದೆ. ನಡುವೆ ಒಮ್ಮೆ ಇಂಟರ್ನೆಟ್ ನಿಂತು ತೆರೆಯ ಮೇಲೆ ಚಕ್ರ ತಿರುಗತೊಡಗಿತು. ಹೊರಗಿನಿಂದ ಅತ್ತೆ, "ಹಾಂ, ಈಗ ಹಿಟ್ಟು ಉದುರಿಸಿಕೊಳ್ಳಾಕತ್ತಾರ" ಎಂದು ಚಾಚಿಗೆ ವಿವರಿಸಿದರು. ಇಂಟರ್ನೆಟ್ ಬಂತು, ಪಟಪಟ ಮುಂದುವರಿಯಿತು. "ಅಂಚು ತೆಳ್ಳಗ ಮಾಡಾಕತ್ತಾರ. ಶಾಣ್ಯಾ ಅದಾರ ಬಿಡು" ಎಂದರು ಅತ್ತೆ. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತು ಅದು.

ವಿಡಿಯೋ ಮುಗಿಯಿತು. ಬಿಸಿ ರೊಟ್ಟಿಗಳ ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯ ಬೆವರು ಒರೆಸಿಕೊಳ್ಳದೆ (ಅದು ಬೇಕೆಂದೇ), ಪಡಸಾಲೆಗೆ ಬಂದು ನಿಂತೆ. ಚಾಚಿ "ಮಾಶಾಅಲ್ಲಾ" ಎಂದರು. ಅತ್ತೆ ಒಂದು ರೊಟ್ಟಿ ಎತ್ತಿಕೊಂಡರು. ಆಗ ಅಡುಗೆಮನೆಯಿಂದ ಮತ್ತೆ ಕೇಳಿಸಿತು. ಪಟ ಪಟ ಪಟ ಪಟ.

ಒಂದು ವಿಡಿಯೋ ಮುಗಿದರೆ ಕೇಳದೆಯೇ ಇನ್ನೊಂದನ್ನು ಬಡಿಸುವುದು ಫೋನಿನ ಸಂಸ್ಕಾರ. ನಾನು ಮರೆತಿದ್ದೆ.

ಅತ್ತೆ ನನ್ನ ಎಡಗೈ ನೋಡಿದರು. ಬಲಗೈ ನೋಡಿದರು. ಅಡುಗೆಮನೆಯ ಬಾಗಿಲು ನೋಡಿದರು. "ಅಳಿಯಾರ, ನಿಮ್ಮ ಎರಡೂ ಕೈ ಇಲ್ಲೇ ಅದಾವು. ಒಳಗ ಬಡಿಯಾಕತ್ತಿದ್ದು ಯಾರ ಕೈರಿ?"

ಗಿರಿಜಾ ಪ್ಲಾಸ್ಟರಿನ ಹಿಂದೆ ಮುಖ ಮುಚ್ಚಿಕೊಂಡಳು. ಚಾಚಿ ನಕ್ಕೂ ನಕ್ಕೂ, "ಯಾ ಅಲ್ಲಾ, ನಾ ಇಷ್ಟ ದಿನ ಫೋನಿಗೆ ಶಭಾಸ್ ಅಂದೇನಿ!" ಎಂದು ಹೊಟ್ಟೆ ಹಿಡಿದುಕೊಂಡರು. ಅತ್ತೆ ರೊಟ್ಟಿಯನ್ನು ಒಂದು ಚೂರು ಮುರಿದು ಬಾಯಿಗೆ ಹಾಕಿ, "ಖಾನಾವಳೀದು" ಎಂದು ತೀರ್ಪು ಕೊಟ್ಟರು. ನಾನು ಗಿರಿಜಾಳ ಬಟ್ಟೆಯ ಚೀಲ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದೆ.

"ಮೆಹಬೂಬಿ, ನನ್ನ ಮಗಳಿಗೆ ಎರಡು ರೊಟ್ಟಿ ಹೆಚ್ಚಿಗಿ ಬಡೀತೀಯೇನವಾ?"

"ಬಡಿಯೂನ್ರಿ ಅಕ್ಕಾ, ಅದೇನ್ ದೊಡ್ಡದು!"

"ಹಂಗಾದ್ರ ಮಗಳು ಇಲ್ಲೇ ಇರ್ಲಿ. ಅಳಿಯಾರ, ರಜಾ ಹಾಕ್ರಿ, ನೀವು ನಡೀರಿ ಬ್ಯಾಡಗಿಗೆ."

ಹೋದೆ. ಊರ ಮುಂದೆಯೇ ಸೀನು ಹತ್ತಿತು. ಅತ್ತೆಯ ಅಡುಗೆಮನೆಯಲ್ಲಿ ವಿಡಿಯೋದಂತೆ ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯವಿಲ್ಲ. ಒಮ್ಮೆ ಹೇಳುತ್ತಾರೆ, ಎರಡನೆಯ ಸಲ ಕೈಯ ಮೇಲೆ ಬಡಿಯುತ್ತಾರೆ. ಎಷ್ಟೋ ಹಿಟ್ಟು ಎಮ್ಮೆಯ ಪಾಲಾದ ಮೇಲೆ ಒಂದು ಮಧ್ಯಾಹ್ನ ನಾನೇ ಬಡಿದ ರೊಟ್ಟಿ ಹಂಚಿನ ಮೇಲೆ ಚೆಂಡಿನಂತೆ ಉಬ್ಬಿತು. ಗಿರಿಜಾಳಿಗೆ ತೋರಿಸಲೇಬೇಕೆನಿಸಿತು. ಹಿಟ್ಟಿನ ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದೆ. ಹಿಟ್ಟಿನ ಬೆರಳು ಕಂಡು ಅದು ಬೀಗ ತೆರೆಯಲಿಲ್ಲ. ಅಂಗಿಗೆ ಬೆರಳು ತಿಕ್ಕಿ ಮತ್ತೆ ಒತ್ತಿದೆ, ಕ್ಯಾಮೆರಾ ತೆರೆದೆ, ಬೆಳಕಿಗೆ ಸರಿಯಾಗಿ ಬಾಗಿದೆ.

ಆ ಫೋಟೋ ಗಿರಿಜಾಳಿಗೆ ಹೋಯಿತು. ಅದರಲ್ಲಿ ರೊಟ್ಟಿ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಹೊಗೆಯೊಳಗಿಂದ ಫೋನಿನ ಕಡೆಗೇ ಬರುತ್ತಿರುವ ಅತ್ತೆಯ ಅಂಗೈ ಮಾತ್ರ ರೇಖೆರೇಖೆಯಾಗಿ ಬಹಳ ಸ್ಪಷ್ಟವಾಗಿ ಬಂದಿದೆ.