ಎದುರು ಮನೆಯ ಮರಳು

ಗಾಡಿ ಅತಿಯಾಗಿ ಶುಭ್ರವಾಗಿತ್ತು. ಅವತ್ತಿನ ತಾಪತ್ರಯಕ್ಕೆಲ್ಲ ಮೂಲ ಅದೇ.

ಮೆಕ್ಯಾನಿಕ್ ಮೂರು ತಿಂಗಳು ಆ ಹಳೆಯ ಜೀಪಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಬದುಕಿದ್ದ. ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿದ್ದ, ಎರಡನೇ ಟ್ಯಾಂಕು ಕೂರಿಸಿದ್ದ. ಗಾಡಿ ಪಲ್ಟಿ ಹೊಡೆದರೂ ಒಳಗಿದ್ದವರ ತಲೆ ಉಳಿಯಲಿ ಎಂದು ಕಬ್ಬಿಣದ ಕೊಳವೆಗಳ ಪಂಜರವನ್ನೇ ಬೆಸುಗೆ ಹಾಕಿದ್ದ. ಸಂಜೆ ನಾಲ್ಕಕ್ಕೆ ಮರುಭೂಮಿ ರೇಸಿನ ಸಮಿತಿಯ ತಪಾಸಣಾಧಿಕಾರಿ ಬಂದು, ಗಾಡಿ ನೋಡಿ, ಒಪ್ಪಿಗೆ ಚೀಟಿ ಅಂಟಿಸಿದರೆ ಮರುದಿನ ಬೆಳಿಗ್ಗೆ ತಂಡ ಮರುಭೂಮಿಗೆ ಹೊರಡುವುದು. ಪಾಸುಗಳು ನಾಲ್ಕು: ಗಾಡಿಯ ಯಜಮಾನರಿಗೊಂದು, ಡ್ರೈವರಿಗೊಂದು, ನಕಾಶೆ ನೋಡಿ ದಾರಿ ಹೇಳುವವನಿಗೊಂದು, ಮೆಕ್ಯಾನಿಕ್‌ಗೊಂದು. ಇಪ್ಪತ್ತೆರಡು ವರ್ಷ ಊರವರ ಗಾಡಿಗಳನ್ನೆಲ್ಲ ದೂರದ ಪ್ರಯಾಣಕ್ಕೆ ಸಜ್ಜು ಮಾಡಿ ಕಳಿಸಿದ ಅವನು, ತಾನು ಮಾತ್ರ ಊರಾಚೆಯ ಸೇತುವೆ ದಾಟಿದವನಲ್ಲ. ಅವನ ಹೆಂಡತಿ ಬಟ್ಟೆಗಳನ್ನು ಎರಡು ಸಲ ಚೀಲಕ್ಕೆ ತುಂಬಿ, ಎರಡು ಸಲ ತೆಗೆದು, ಮೂರನೇ ಸಲ ತುಂಬಿಟ್ಟಿದ್ದಳು.

ಯಜಮಾನರದು ನಲ್ಲಿ, ಷವರ್‌ಗಳ ಅಂಗಡಿ. ನೀರಿಲ್ಲದ ಕಡೆ ನಲ್ಲಿಯ ಜಾಹೀರಾತು ಎದ್ದು ಕಾಣುತ್ತದೆ ಎಂಬ ದೂರಾಲೋಚನೆಯಿಂದ ಅವರು ರೇಸಿಗೆ ಇಳಿದಿದ್ದರು. ಅವತ್ತು ಬೆಳಿಗ್ಗೆ ಪತ್ರಿಕೆಗೆ ಫೋಟೋ ಕಳಿಸಬೇಕೆಂದು ತಮ್ಮ ಭಾವಮೈದನನ್ನು ಕರೆತಂದರು. ಅವನಿಗೆ ಹೊಸ ಕ್ಯಾಮೆರಾ ಬಂದು ಎರಡು ವಾರವಾಗಿತ್ತು. ಕಲಾವಿದನಾಗಿ ಒಂದು ವಾರವಾಗಿತ್ತು.

ಅವನು ಗಾಡಿಯ ಸುತ್ತ ಎರಡು ಸುತ್ತು ಬಂದು ಮುಖ ಹುಳ್ಳಗೆ ಮಾಡಿದ. "ಭಾವ, ಇದು ರೇಸಿಗೆ ಹೋಗೋ ಗಾಡಿ ಥರ ಇಲ್ಲ. ಮದುವೆಗೆ ಹೋಗೋ ಗಾಡಿ ಥರ ಇದೆ. ಮರಳು ಬೇಕು."

ಮರಳಿಗೇನು ಬರ? ಗ್ಯಾರೇಜಿನ ಎದುರಿಗೇ ಒಂದು ಮನೆ ಕಟ್ಟುತ್ತಿದ್ದರು. ಬೀದಿಯಂಚಿನಲ್ಲಿ ಎರಡು ಲಾರಿ ಮರಳನ್ನು ಗುಡ್ಡದಂತೆ ಸುರಿದಿದ್ದರು. ಗುಡ್ಡದ ಮೇಲೆ ಗಾಡಿ ಹತ್ತಿಸಿ ನಿಲ್ಲಿಸೋಣ ಎಂದ ಭಾವಮೈದ. ಸಡಿಲ ಮರಳು, ಟೈರಿನ ಗಾಳಿ ಇಳಿಸದೆ ಹತ್ತಿಸಬೇಡಿ ಎಂದು ಮೆಕ್ಯಾನಿಕ್ ಹೇಳಿದ. ಡ್ರೈವರ್ ಕಪ್ಪು ಕನ್ನಡಕ ಏರಿಸಿಕೊಂಡು, ನಾಳಿದ್ದು ಮರುಭೂಮಿಯನ್ನೇ ದಾಟುವವನಿಗೆ ಇದ್ಯಾವ ಲೆಕ್ಕ ಎಂದು ಕೇಳಿ, ಗೇರು ಹಾಕಿದ.

ಗಾಡಿ ಗುಡ್ಡದ ಅರ್ಧಕ್ಕೆ ಏರಿತು. ಆಮೇಲೆ ಹಿಂದಿನ ಚಕ್ರಗಳು ಗಿರಗಿರನೆ ತಿರುಗಿ, ಎಮ್ಮೆ ಕೆಸರಿನಲ್ಲಿ ಕೂತಂತೆ ಗಾಡಿ ಮೆತ್ತಗೆ ಕೂತುಬಿಟ್ಟಿತು. ಡ್ರೈವರ್ ಒತ್ತಿದಷ್ಟೂ ಒಳಗಿಳಿಯಿತು.

ಬೀದಿಯ ಜನ ಸೇರಲು ಎಷ್ಟು ಹೊತ್ತು? ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಟೈಲರ್ ಕೊರಳಲ್ಲಿ ಟೇಪು ತೂಗಿಸಿಕೊಂಡೇ ಬಂದು, ಚಕ್ರ ಎಷ್ಟು ಹೂತಿದೆ ಎಂದು ಅಳೆದು, ಹದಿನಾಲ್ಕೂವರೆ ಇಂಚು ಎಂದು ಸಾರಿದ. ಮನೆ ಕಟ್ಟಿಸುತ್ತಿದ್ದಾಕೆ ಓಡಿಬಂದು, ತನ್ನ ಮರಳು ಒಂದು ಹಿಡಿ ಕಮ್ಮಿಯಾದರೂ ಸುಮ್ಮನಿರುವುದಿಲ್ಲ ಎಂದಳು. ಭಾವಮೈದನಿಗೆ ಮಾತ್ರ ಪರಮಾನಂದ. ದೃಶ್ಯ ಸಹಜವಾಗಿದೆ, ಸ್ವಲ್ಪ ಬಿರುಗಾಳಿ ಇದ್ದರೆ ಸಾಕು ಎಂದ.

ಮೇಷ್ಟ್ರಿಗೆ ಬಿರುಗಾಳಿಯ ಉಪಾಯ ಹೊಳೆಯಿತು. ತಮ್ಮ ಮನೆಯ ದೊಡ್ಡ ಸ್ಟ್ಯಾಂಡ್ ಫ್ಯಾನು ತರಿಸಿ, ಮರಳಿನ ಮುಂದೆ ನಿಲ್ಲಿಸಿ, ಪೂರ್ತಿ ವೇಗಕ್ಕೆ ತಿರುಗಿಸಿದರು. ಎಂಜಿನ್ ಕಾದಿದೆಯೆಂದು ಡ್ರೈವರ್ ಆಗಷ್ಟೇ ಬಾನೆಟ್ ಎತ್ತಿದ್ದ. ಮೆಕ್ಯಾನಿಕ್ ಬೇಡ ಬೇಡ ಎನ್ನುತ್ತ ಓಡುವಷ್ಟರಲ್ಲಿ ಮರಳೆಲ್ಲ ಎದ್ದು, ಅರ್ಧ ಎಂಜಿನ್ನಿಗೂ ಅರ್ಧ ಅವನ ಬಾಯಿಗೂ ಹೋಯಿತು.

ಕೊನೆಗೆ ಗಾಡಿಯನ್ನು ಎಳೆದದ್ದು ಬೀದಿಯ ಕಸ ಒಯ್ಯುವ ಟ್ರ್ಯಾಕ್ಟರ್. ಮೊದಲ ಎಳೆತಕ್ಕೆ ಮುಂದಿನ ಬಂಪರ್ ಮಾತ್ರ ಬಂತು. ಎರಡನೆಯದಕ್ಕೆ ಗಾಡಿಯೂ ಬಂತು.

ಆಗ ಗಂಟೆ ಹನ್ನೊಂದೂವರೆ. ಮೆಕ್ಯಾನಿಕ್ ಏರ್ ಫಿಲ್ಟರ್ ಬಿಚ್ಚಿ ಕೊಡವಿದ. ಹೂಕುಂಡಕ್ಕೆ ಸಾಲುವಷ್ಟು ಮರಳು ಬಿತ್ತು. ಊಟ ಬಿಟ್ಟು ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಂಪರಿಗೆ ಮತ್ತೆ ಬೆಸುಗೆ ಹಾಕಿದ. ಅವನು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಾಗ ಯಜಮಾನರ ಬೂಟುಗಳು ಬಂದು ನಿಂತವು.

"ನೋಡಪ್ಪ, ನಾಲ್ಕನೇ ಪಾಸು ನಮ್ಮ ಭಾವಮೈದನಿಗೆ ಕೊಡೋಣ ಅಂತಿದ್ದೀನಿ. ಅಲ್ಲಿ ಫೋಟೋ ತೆಗೆಯೋರು ಬೇಕಲ್ಲ."

"ಯಜಮಾನ್ರೇ, ಅಲ್ಲಿ ಗಾಡಿ ಕೆಟ್ರೆ?"

"ನೀನು ಸರಿಯಾಗಿ ರಿಪೇರಿ ಮಾಡಿದ್ರೆ ಯಾಕೆ ಕೆಡುತ್ತೆ? ಕೆಡುತ್ತೆ ಅಂತ ನೀನೇ ಹೇಳ್ತಿದ್ದೀಯ ಅಂದ್ರೆ, ನಿನ್ನ ಕರ್ಕೊಂಡು ಹೋಗಿ ತಾನೆ ಏನು ಪ್ರಯೋಜನ?"

ಬೂಟುಗಳು ಹೋದವು. ಈ ತರ್ಕಕ್ಕೆ ಎಲ್ಲಿ ಸ್ಪ್ಯಾನರ್ ಹಾಕಬೇಕೆಂದು ಮೆಕ್ಯಾನಿಕ್‌ಗೆ ತಿಳಿಯಲಿಲ್ಲ. ಹೆಂಡತಿಗೆ ಏನೆಂದು ಹೇಳುವುದು? ಬಾಯಲ್ಲಿ ಉಳಿದಿದ್ದ ಮರಳನ್ನು ಉಗಿದು, ಉಳಿದ ನಟ್ಟುಗಳನ್ನು ಬಿಗಿದ. ಕೋಪಕ್ಕೆ ಒಂದನ್ನಾದರೂ ಸಡಿಲ ಬಿಡಬೇಕೆನಿಸಿತು, ಕೈ ಒಪ್ಪಲಿಲ್ಲ.

ನಾಲ್ಕಕ್ಕೆ ಸರಿಯಾಗಿ ತಪಾಸಣಾಧಿಕಾರಿ ಬಂದರು. ಕಡ್ಡಿಯಂಥ ಮನುಷ್ಯ, ಕಂಕುಳಲ್ಲಿ ದಪ್ಪನೆಯ ನಿಯಮದ ಪುಸ್ತಕ. ಬೆಸುಗೆಗಳನ್ನು ತಟ್ಟಿ ನೋಡಿದರು, ಅಡಿಗೆ ಬಗ್ಗಿ ಟಾರ್ಚು ಬಿಟ್ಟರು, ಎಂಜಿನ್ ಸ್ಟಾರ್ಟ್ ಮಾಡಿಸಿ ಕಣ್ಣು ಮುಚ್ಚಿ ಕೇಳಿದರು. ಬೆಳಗಿನ ಕತೆಯನ್ನು ಬೀದಿಯವರೆಲ್ಲ ಒಟ್ಟಿಗೇ ಒದರಿದಾಗ ಅವರ ಹುಬ್ಬು ಮೇಲೇರಿತು. ಇಷ್ಟು ಮರಳು ನುಂಗಿದ ಎಂಜಿನ್ನನ್ನು ನಾಲ್ಕೂವರೆ ಗಂಟೆಯಲ್ಲಿ ಹೀಗೆ ಹಾಡಿಸಿದವರು ಯಾರು ಎಂದು ಕೇಳಿದರು. ಯಜಮಾನರು ನಮ್ಮ ತಂಡ ಎಂದರು. ಟೈಲರ್ ಮೆಕ್ಯಾನಿಕ್‌ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದ.

ಅಧಿಕಾರಿ ಅವನನ್ನು ಪಕ್ಕಕ್ಕೆ ಕರೆದರು. ಸಮಿತಿಯಲ್ಲಿ ಒಬ್ಬ ತಾಂತ್ರಿಕ ಅಧಿಕಾರಿಯ ಜಾಗ ಖಾಲಿಯಿದೆ, ಇಂಥ ಕೈಗಾಗಿಯೇ ತಾವು ಹುಡುಕುತ್ತಿದ್ದುದು, ಇವತ್ತಿನಿಂದಲೇ ಸೇರಬಹುದು ಎಂದರು. ಮೆಕ್ಯಾನಿಕ್ ಭಾವಮೈದನ ಕಡೆ ನೋಡಿದ. ಅವನು ನಾಲ್ಕನೇ ಪಾಸನ್ನು ಕೊರಳಿಗೆ ನೇತುಹಾಕಿಕೊಂಡು ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದ. ಯಾರ ಹಂಗೂ ಇಲ್ಲದೆ, ಸಮಿತಿಯ ಕಡೆಯಿಂದಲೇ ಮರುಭೂಮಿಗೆ! ಮೆಕ್ಯಾನಿಕ್ ಓದದೆಯೇ ಮೂರು ಕಡೆ ಸಹಿ ಹಾಕಿದ. ಅಧಿಕಾರಿ ಅವನ ಎಣ್ಣೆಗಪ್ಪು ಅಂಗಿಗೆ ನೀಲಿ ಬಿಲ್ಲೆ ಚುಚ್ಚಿದರು. ಬೀದಿ ಚಪ್ಪಾಳೆ ತಟ್ಟಿತು. ಯಜಮಾನರ ಮುಖ ಪೆಚ್ಚಾಯಿತು.

ಆಮೇಲೆ ಅಧಿಕಾರಿ ಪುಸ್ತಕ ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು.

"ಇಲ್ಲೂ ಒಂದು ಸಹಿ ಹಾಕಿ, ಸಾರ್."

ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಸಾರ್ ಎಂದವರು ಇವರೇ ಮೊದಲು. ಪೆನ್ನು ಹಿಡಿದುಕೊಂಡೇ ಇದೇನು ಎಂದು ಕೇಳಿದ.

"ಈ ಗಾಡಿಯನ್ನ ತಿರಸ್ಕರಿಸೋ ಪತ್ರ. ಸಮಿತಿಯ ಅಧಿಕಾರಿ ಕೈಯಾಡಿಸಿದ ಗಾಡಿ ರೇಸಿನಲ್ಲಿ ಓಡೋ ಹಾಗಿಲ್ಲ. ಅಧಿಕಾರಿ ನೀವೇ ಆದ್ರಿಂದ ಸಹಿನೂ ನೀವೇ ಹಾಕ್ಬೇಕು."

ಯಜಮಾನರು ಮರಳಿನ ಗುಡ್ಡದ ಮೇಲೆ ಕುಸಿದು ಕೂತರು. ಡ್ರೈವರ್ ಕಪ್ಪು ಕನ್ನಡಕ ತೆಗೆದ. ಅಷ್ಟೂ ಕಣ್ಣುಗಳು ತನ್ನನ್ನೇ ಸುಡುತ್ತಿದ್ದರೂ ಮೆಕ್ಯಾನಿಕ್ ಹೇಗೋ ಸಹಿ ಗೀಚಿ, ಉಳಿದಿದ್ದ ಒಂದೇ ಒಂದು ಆಸೆಯನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದ:

"ಸಾರ್, ನಾವು ಮರುಭೂಮಿಗೆ ಹೊರಡೋದು ಎಷ್ಟು ಗಂಟೆಗೆ?"

"ನಾನು ಈಗಲೇ ಹೊರಟೆ. ನೀವ್ಯಾಕೆ ಬರ್ತೀರಿ? ನಿಮ್ಮನ್ನ ನೇಮಕ ಮಾಡಿರೋದು ಈ ಊರಿನ ತಪಾಸಣಾ ಕೇಂದ್ರಕ್ಕೆ. ರೇಸು ಮುಗಿಯೋವರೆಗೂ ಈ ಗ್ಯಾರೇಜು ಬಿಟ್ಟು ಕದಲೋ ಹಾಗಿಲ್ಲ."

"ಈ ಊರಲ್ಲಿ ತಪಾಸಣೆ ಮಾಡ್ಬೇಕಾದ ಗಾಡಿಗಳು ಎಷ್ಟಿವೆ, ಸಾರ್?"

ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ, ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

"ಇದೊಂದೇ ಇತ್ತು."